ಮರೆವಿನ ಕಾಯಿಲೆಗೆ ಚಿಕಿತ್ಸೆ: ಯಾರ ಬಳಿ, ಯಾವಾಗ, ಏನೇನು ಹಿಡಿದು ಹೋಗಬೇಕು?

ಅಲ್ಝೈಮರ್ ಇರಬಹುದೆಂಬ ಅನುಮಾನ ಬಂದ ಮನೆಯಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ‘ವಯಸ್ಸಾಯ್ತಲ್ಲ, ಅರಳು ಮರಳು’ ಎಂದು ಎರಡು ಮೂರು ವರ್ಷ ಸುಮ್ಮನಿದ್ದುಬಿಡುತ್ತಾರೆ. ಇಲ್ಲವೇ ಯಾರೋ ಹೇಳಿದರೆಂದು ಸೀದಾ ಎಂಆರ್‌ಐ ಮಾಡಿಸಿ, ಆ ಫಿಲ್ಮ್ ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಾರೆ. ಎರಡರಲ್ಲೂ ಹಾಳಾಗುವುದು ಸಮಯ. ಅದೂ ಎಂಥ ಸಮಯ? ಹಿರಿಯರು ತಮಗೆ ಏನು ಬೇಕು, ಏನು ಬೇಡ ಎಂದು ಇನ್ನೂ ಬಾಯಿಬಿಟ್ಟು ಹೇಳಬಲ್ಲ, ತಿಳಿದು ಸಹಿ ಹಾಕಬಲ್ಲ ಕಾಲ.

ಅರವತ್ತು ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಗ್ಗಿ ದಿನದ ಕೆಲಸಕ್ಕೂ ಕಷ್ಟವಾಗುವ ಸ್ಥಿತಿ) ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ಡಿಮೆನ್ಷಿಯಾಕ್ಕೆ ಅತಿ ಸಾಮಾನ್ಯ ಕಾರಣ ಅಲ್ಝೈಮರ್. ಅದನ್ನು ಪೂರ್ತಿ ವಾಸಿ ಮಾಡುವ ಮದ್ದು ಇನ್ನೂ ಬಂದಿಲ್ಲ. ಆದರೆ ಮಾಡಬೇಕಾದ್ದು ಬಹಳ ಇದೆ. ಅದರಲ್ಲಿ ಮಾತ್ರೆಯ ಪಾಲು ಸಣ್ಣದು. ಉಳಿದದ್ದೆಲ್ಲ ಸರಿಯಾದ ಜನರನ್ನು ಸರಿಯಾದ ಹೊತ್ತಿಗೆ ಹುಡುಕಿಕೊಳ್ಳುವುದರಲ್ಲಿದೆ.

ಮೊದಲು ಒಂದು ನೋಟ್‌ಬುಕ್

ಡಾಕ್ಟರ ಎದುರು ಕೂತ ಹತ್ತು ನಿಮಿಷ ಹಿರಿಯರು ಬಹಳ ಚೆನ್ನಾಗಿ ಮಾತಾಡುತ್ತಾರೆ. ಊರು ಯಾವುದು, ಮಕ್ಕಳೆಷ್ಟು, ಯಾವ ಆಫೀಸಿನಲ್ಲಿ ಕೆಲಸ ಮಾಡಿದ್ದು, ಎಲ್ಲ ಹೇಳುತ್ತಾರೆ. ಹಳೆಯ ನೆನಪು ಅಳಿಯುವುದು ಎಲ್ಲಕ್ಕಿಂತ ಕೊನೆಗೆ. ಹಾಗಾಗಿ ರೋಗ ಪತ್ತೆಗೆ ಮನೆಯವರು ಕೊಡುವ ವಿವರವೇ ಮುಖ್ಯ. ಎರಡು ವಾರ ಒಂದು ನೋಟ್‌ಬುಕ್ ಇಟ್ಟು, ಕಂಡದ್ದನ್ನು ದಿನಾಂಕ ಹಾಕಿ ಬರೆಯಿರಿ.

‘ಮರೆವು ಜಾಸ್ತಿ’ ಎಂದು ಬರೆದರೆ ಡಾಕ್ಟರಿಗೆ ಉಪಯೋಗವಿಲ್ಲ. ‘ನಲವತ್ತು ವರ್ಷದಿಂದ ಮಾಡುತ್ತಿದ್ದ ಸಾರಿಗೆ ಎರಡು ಸಲ ಉಪ್ಪು ಹಾಕಿದರು, ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು ಮುಂದೇನು ಎಂದು ತೋಚದೆ ನಿಂತರು’ ಎಂದು ಬರೆಯಿರಿ. ಅಂಗಡಿಯಲ್ಲಿ ಚಿಲ್ಲರೆ ಎಣಿಸಲು ಆಗುತ್ತಿದೆಯೇ, ದಿನವೂ ಹೋಗುವ ದೇವಸ್ಥಾನದಿಂದ ವಾಪಸ್ ಬರುವ ದಾರಿ ತಪ್ಪಿತೇ, ಸೀರೆಯ ನೆರಿಗೆ ಹಿಡಿಯಲು ಕಷ್ಟಪಡುತ್ತಾರೆಯೇ, ‘ನನ್ನ ದುಡ್ಡು ಸೊಸೆ ಕದ್ದಳು’ ಎನ್ನುತ್ತಾರೆಯೇ, ಇಲ್ಲದವರು ಕೋಣೆಯಲ್ಲಿ ಇದ್ದಾರೆ ಎನ್ನುತ್ತಾರೆಯೇ ಎಂಬುದೆಲ್ಲ ಬೇಕು. ಇವುಗಳ ಜೊತೆಗೆ ಮೂರು ಸಂಗತಿ ತಪ್ಪದೆ ಬರೆಯಿರಿ: ಇದು ನಿಧಾನವಾಗಿ ಬಂದದ್ದೇ ಅಥವಾ ಇದ್ದಕ್ಕಿದ್ದಂತೆಯೇ, ಕಳೆದ ಮೂರು ತಿಂಗಳಲ್ಲಿ ಬಿದ್ದು ತಲೆಗೆ ಪೆಟ್ಟಾಗಿತ್ತೇ, ನಡಿಗೆ, ಮೂತ್ರದ ಹಿಡಿತ ಬದಲಾಗಿದೆಯೇ.

ಈ ಮೂರು ಯಾಕೆ? ಅಲ್ಝೈಮರ್ ನಿಧಾನವಾಗಿ, ವರ್ಷಗಟ್ಟಲೆ ತೆಗೆದುಕೊಂಡು ಬರುವ ಕಾಯಿಲೆ. ಬಚ್ಚಲಲ್ಲಿ ಜಾರಿ ಬಿದ್ದ ಕೆಲವು ವಾರಗಳ ಮೇಲೆ ಗೊಂದಲ ಶುರುವಾಗಿದ್ದರೆ ತಲೆಬುರುಡೆಯೊಳಗೆ ರಕ್ತ ನಿಧಾನಕ್ಕೆ ತುಂಬಿಕೊಂಡಿರಬಹುದು; ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಪಾದ ನೆಲಕ್ಕೆ ಅಂಟಿದಂತೆ ನಡೆಯುವುದು, ಮೂತ್ರ ತಡೆಯಲಾಗದಿರುವುದು, ಮರೆವು ಈ ಮೂರೂ ಒಟ್ಟಿಗೆ ಇದ್ದರೆ ಮೆದುಳಿನೊಳಗೆ ದ್ರವ ಹೆಚ್ಚಾಗಿ ತುಂಬಿಕೊಂಡಿರುವ ಸಾಧ್ಯತೆ ಇದೆ. ಅದಕ್ಕೂ ಚಿಕಿತ್ಸೆ ಇದೆ.

ಹೊರಡುವ ದಿನ ಮನೆಯಲ್ಲಿರುವ ಮಾತ್ರೆಯ ಸ್ಟ್ರಿಪ್‌ಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಳ್ಳಿ. ನೆಗಡಿ ಮಾತ್ರೆ, ನಿದ್ದೆ ಮಾತ್ರೆ, ಆಯುರ್ವೇದದ ಲೇಹ್ಯ ಯಾವುದನ್ನೂ ಬಿಡಬೇಡಿ. ಅವಿಲ್‌ನಂಥ ಅಲರ್ಜಿ ಮಾತ್ರೆ, ಖಿನ್ನತೆಗೆ, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಆತಂಕಕ್ಕೆ, ನಿದ್ದೆಗೆ ಕೊಡುವ ಆಲ್ಪ್ರಜೋಲಮ್ ಇವೆಲ್ಲ ವಯಸ್ಸಾದವರ ನೆನಪನ್ನು ಮಂಕು ಮಾಡುವಂಥವು. ಮಾತ್ರೆ ನಿಲ್ಲಿಸಿದ ಮೇಲೆ ಎಷ್ಟೋ ಚೇತರಿಸಿಕೊಂಡವರಿದ್ದಾರೆ. ಆದರೆ ವರ್ಷಗಳಿಂದ ತೆಗೆದುಕೊಳ್ಳುತ್ತಿರುವ ನಿದ್ದೆ ಮಾತ್ರೆಯನ್ನು ನೀವಾಗಿಯೇ ಒಮ್ಮೆಲೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು.

‘ನನಗೇನೂ ಆಗಿಲ್ಲ, ನಾನ್ಯಾಕೆ ಬರಲಿ’ ಎನ್ನುವವರನ್ನು ಕರೆದೊಯ್ಯುವುದೇ ದೊಡ್ಡ ಕೆಲಸ. ‘ಬಿಪಿ, ಶುಗರ್ ನೋಡಿಸೋಣ, ಜೊತೆಗೆ ನೆನಪಿಂದೂ ಒಮ್ಮೆ ಕೇಳೋಣ’ ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ನೋಟ್‌ಬುಕ್ಕಿನ ಸಾರವನ್ನು ಒಂದು ಪುಟಕ್ಕೆ ಇಳಿಸಿ ಡಾಕ್ಟರಿಗೆ ಮೊದಲೇ ಒಳಗೆ ಕಳಿಸಿ. ಅಪ್ಪ ಅಮ್ಮನ ಎದುರಿಗೆ ಅವರ ತಪ್ಪುಗಳನ್ನು ಪಟ್ಟಿ ಮಾಡಿ ಓದಬೇಡಿ. ಅವರಿಗೆ ಅವಮಾನವಾದರೆ ಮುಂದಿನ ಸಲ ಬರುವುದೇ ಇಲ್ಲ.

ಎಲ್ಲಿಗೆ ಹೋಗಬೇಕು

ಮೊದಲ ಹೆಜ್ಜೆ ಮನೆ ಡಾಕ್ಟರ್ ಅಥವಾ ಹತ್ತಿರದ ಸರ್ಕಾರಿ ಆಸ್ಪತ್ರೆ. ಹಿಮೋಗ್ಲೋಬಿನ್, ವಿಟಮಿನ್ ಬಿ12, ಥೈರಾಯ್ಡ್‌ನ ಟಿಎಸ್‌ಎಚ್, ಸಕ್ಕರೆ, ಸೋಡಿಯಂ, ಕ್ರಿಯಾಟಿನಿನ್, ಲಿವರ್ ಪರೀಕ್ಷೆಗಳು ಇಲ್ಲೇ ಮುಗಿಯಲಿ. ಬಿ12 ಕೊರತೆ ನಮ್ಮಲ್ಲಿ, ಅದರಲ್ಲೂ ಸಸ್ಯಾಹಾರಿ ಮನೆಗಳಲ್ಲಿ, ಸಾಮಾನ್ಯ. ಅದೂ ಥೈರಾಯ್ಡ್ ಕೊರತೆಯೂ ಮರೆವನ್ನು ತರುತ್ತವೆ, ಎರಡಕ್ಕೂ ಸುಲಭದ ಚಿಕಿತ್ಸೆ ಇದೆ. ಖಿನ್ನತೆಯೂ ಎಷ್ಟೋ ಸಲ ಮರೆವಿನ ವೇಷದಲ್ಲೇ ಬರುತ್ತದೆ.

ಆಮೇಲೆ ತಜ್ಞರು. ನರರೋಗ ತಜ್ಞರು, ಮನೋವೈದ್ಯರು, ವೃದ್ಧರ ಆರೋಗ್ಯದ ತಜ್ಞರು ಈ ಮೂವರಲ್ಲಿ ಯಾರು ಹತ್ತಿರದಲ್ಲಿದ್ದಾರೋ ಅವರ ಬಳಿ ಹೋಗಬಹುದು. ಮನೋವೈದ್ಯರ ಬೋರ್ಡ್ ನೋಡಿ ಹಿಂಜರಿಯುವ ಮನೆಗಳು ಇನ್ನೂ ಇವೆ. ಅಲ್ಝೈಮರ್ ರೋಗಿಗಳನ್ನು ದಿನನಿತ್ಯ ನೋಡುವವರಲ್ಲಿ ಅವರೂ ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರ ಮಾನಸಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ, ನರರೋಗ ವಿಭಾಗವೂ ಇದೆ. ಬಿಪಿಎಲ್ ಕಾರ್ಡ್ ಇದ್ದವರು ಅದನ್ನು ಒಯ್ಯಲು ಮರೆಯಬೇಡಿ, ಖರ್ಚಿನಲ್ಲಿ ರಿಯಾಯಿತಿ ಇರುತ್ತದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗ ಇರುತ್ತದೆ; ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಎಂಬ ಮಾನಸಿಕ ಆರೋಗ್ಯದ ಕ್ಲಿನಿಕ್ ಯಾವ ಮಂಗಳವಾರ ನಡೆಯುತ್ತದೆ ಎಂದು ವಿಚಾರಿಸಿ. ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ ಸೇರಿ 2022ರಲ್ಲಿ ಜಯನಗರ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಶುರುಮಾಡಿದ ‘ಬ್ರೈನ್ ಹೆಲ್ತ್ ಕ್ಲಿನಿಕ್’ಗಳು ಆಮೇಲೆ ಬೇರೆ ಜಿಲ್ಲೆಗಳಿಗೂ ಹಬ್ಬಿವೆ. ನಿಮ್ಮ ಜಿಲ್ಲೆಯಲ್ಲಿ ಇದೆಯೇ ಎಂದು ಜಿಲ್ಲಾಸ್ಪತ್ರೆಯಲ್ಲಿ ಕೇಳಿ, ಇದ್ದರೆ ಬೆಂಗಳೂರಿನ ಬಸ್ ಹತ್ತುವ ಅಗತ್ಯ ಬೀಳದಿರಬಹುದು.

ಎಲ್ಲಿಂದ ಶುರು ಮಾಡಬೇಕೆಂದೇ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹಿರಿಯ ನಾಗರಿಕರ ಸಹಾಯವಾಣಿ 14567.

ತಜ್ಞರು ನೆನಪಿನ ಪರೀಕ್ಷೆ ಮಾಡುತ್ತಾರೆ. ಅದು ಹಿರಿಯರಿಗೆ ಬರುವ ಭಾಷೆಯಲ್ಲಿ, ಅವರ ಓದಿಗೆ ತಕ್ಕಂತೆ ನಡೆಯುತ್ತಿದೆಯೇ ಎಂದು ಗಮನಿಸಿ. ಶಾಲೆಗೇ ಹೋಗದ ಅಜ್ಜಿಗೆ 100ರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರೆ ಕಾಯಿಲೆ ಇಲ್ಲದಿದ್ದರೂ ಅಂಕ ಕಡಿಮೆಯಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿರುವ ನೆನಪಿನ ಪರೀಕ್ಷೆಗಳ ಕಟ್ಟು ಕನ್ನಡದಲ್ಲೂ ಇದೆ. ಕನ್ನಡಕ, ಕಿವಿಯ ಮಷಿನ್ ಹಾಕಿಕೊಂಡೇ ಪರೀಕ್ಷೆಗೆ ಕೂರಿಸಿ. ಕೇಳಿಸದೆ ತಪ್ಪು ಹೇಳಿದ್ದೂ ಮರೆವಿನ ಲೆಕ್ಕಕ್ಕೇ ಹೋಗುತ್ತದೆ.

ಎಂಆರ್‌ಐಯ ಸರದಿ ಈಗ. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗ ಕುಗ್ಗಿದೆಯೇ, ಸದ್ದಿಲ್ಲದೆ ಸ್ಟ್ರೋಕ್ ಆಗಿದೆಯೇ, ಗಡ್ಡೆ ಇದೆಯೇ ಎಂದು ನೋಡುತ್ತಾರೆ. ದುಬಾರಿಯ ಪೆಟ್ ಸ್ಕ್ಯಾನ್ ಎಲ್ಲರಿಗೂ ಬೇಕಿಲ್ಲ. ಅದನ್ನು ಬರೆದುಕೊಟ್ಟರೆ ‘ಇದರ ಫಲಿತಾಂಶದಿಂದ ಚಿಕಿತ್ಸೆ ಏನು ಬದಲಾಗುತ್ತದೆ?’ ಎಂದು ಕೇಳುವ ಹಕ್ಕು ನಿಮಗಿದೆ.

ಹೊರಬರುವ ಮುನ್ನ ಯಾವ ಬಗೆಯ ಡಿಮೆನ್ಷಿಯಾ, ಯಾವ ಹಂತ ಎಂಬುದನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ‘ಮೆಮೊರಿ ಲಾಸ್’ ಎಂದಷ್ಟೇ ಇದ್ದರೆ ಸಾಲದು. ಉದಾಹರಣೆಗೆ, ಲೆವಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾ ಇರುವವರಿಗೆ, ಉದ್ರೇಕ ತಗ್ಗಿಸಲು ಕೊಡುವ ಹ್ಯಾಲೋಪೆರಿಡಾಲ್‌ನಂಥ ಔಷಧಿ ಪ್ರಾಣಕ್ಕೇ ಅಪಾಯ ತರಬಹುದು. ರಾತ್ರಿ ತುರ್ತು ವಿಭಾಗದ ಡಾಕ್ಟರಿಗೆ ಇದು ಗೊತ್ತಾಗುವುದು ನಿಮ್ಮ ಕೈಯಲ್ಲಿರುವ ಆ ಚೀಟಿಯಿಂದಲೇ.

ಮಾತ್ರೆ: ಎಷ್ಟು, ಹೇಗೆ, ಎಲ್ಲಿ ಎಡವುತ್ತೇವೆ

ಡೊನೆಪೆಜಿಲ್ ಹೆಚ್ಚು ಬಳಕೆಯಲ್ಲಿರುವ ಮಾತ್ರೆ. ಸಾಮಾನ್ಯವಾಗಿ ರಾತ್ರಿ 5 ಮಿಲಿಗ್ರಾಂನಿಂದ ಶುರುಮಾಡಿ, ನಾಲ್ಕರಿಂದ ಆರು ವಾರದ ಮೇಲೆ 10ಕ್ಕೆ ಏರಿಸುತ್ತಾರೆ. ವಾಕರಿಕೆ, ಭೇದಿ, ಹಸಿವಿಲ್ಲದಿರುವುದು ಮೊದಲ ವಾರಗಳಲ್ಲಿ ಸಾಮಾನ್ಯ. ಕೆಟ್ಟ ಕನಸುಗಳು ಬಿದ್ದರೆ ಡಾಕ್ಟರನ್ನು ಕೇಳಿ ಬೆಳಗ್ಗೆಗೆ ಬದಲಿಸಿಕೊಳ್ಳಬಹುದು. ನಿರ್ಲಕ್ಷಿಸಬಾರದ್ದು ನಾಡಿ ನಿಧಾನವಾಗುವುದು. ಮೊದಲೇ ಹೃದಯದ ಲಯ ತಪ್ಪಿರುವವರು, ಬಿಪಿಗೆ, ಹೃದಯಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವವರು ಶುರುಮಾಡುವ ಮುನ್ನ ಇಸಿಜಿ ಮಾಡಿಸಲಿ. ತಲೆ ಸುತ್ತಿ ಬಿದ್ದರೆ ಅದೇ ದಿನ ತೋರಿಸಿ.

ರಿವಾಸ್ಟಿಗ್ಮಿನ್ ಕ್ಯಾಪ್ಸೂಲ್ 1.5 ಮಿಲಿಗ್ರಾಂ, ದಿನಕ್ಕೆರಡು ಸಲ, ಊಟದ ಜೊತೆಗೇ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ವಾಂತಿ. ಮೂರು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣದಿಂದಲೇ ಮುಂದುವರಿಸಬಾರದು, ಮತ್ತೆ ಕೆಳಗಿನಿಂದ ಶುರುಮಾಡಬೇಕು. ಇದರದ್ದೇ ಚರ್ಮಕ್ಕೆ ಅಂಟಿಸುವ ಪ್ಯಾಚ್ ಇದೆ, 24 ಗಂಟೆಗೊಮ್ಮೆ ಬದಲಿಸಬೇಕು. ಇಲ್ಲಿ ಆಗುವ ಅನಾಹುತ ಒಂದೇ: ಹಳೆಯದನ್ನು ಕೀಳದೆ ಹೊಸದನ್ನು ಅಂಟಿಸುವುದು. ಬೆನ್ನ ಮೇಲೆ ಎರಡು ಮೂರು ಪ್ಯಾಚ್ ಉಳಿದರೆ ಔಷಧಿ ಮಿತಿಮೀರಿ ರೋಗಿ ಆಸ್ಪತ್ರೆ ಸೇರಬೇಕಾಗುತ್ತದೆ. ಮೊದಲು ಕೀಳಿ, ಬಟ್ಟೆ ಮೇಲೆತ್ತಿ ಬೆನ್ನು ಪೂರ್ತಿ ನೋಡಿ, ಆಮೇಲೆ ಹೊಸದನ್ನು ಬೇರೆ ಜಾಗಕ್ಕೆ ಅಂಟಿಸಿ, ಅದರ ಮೇಲೆ ಪೆನ್ನಿನಲ್ಲಿ ದಿನಾಂಕ ಬರೆಯಿರಿ. ಒಮ್ಮೆ ಅಂಟಿಸಿದ ಜಾಗಕ್ಕೆ 14 ದಿನ ಮತ್ತೆ ಅಂಟಿಸಬೇಡಿ.

ಮೆಮಾಂಟಿನ್ ನಡುವಿನ ಹಂತ ಮತ್ತು ಅದರಾಚೆಗೆ. 5 ಮಿಲಿಗ್ರಾಂನಿಂದ ವಾರಕ್ಕೆ ಐದೈದು ಏರಿಸುತ್ತಾ 20ಕ್ಕೆ ಒಯ್ಯುತ್ತಾರೆ. ಕಿಡ್ನಿ ತೀರಾ ಸೋತಿದ್ದರೆ ಕಡಿಮೆ ಸಾಕು.

ಈ ಮಾತ್ರೆಗಳಿಂದ ಏನನ್ನು ನಿರೀಕ್ಷಿಸಬಹುದು? ಕೆಲವರಲ್ಲಿ ಆರೇಳು ತಿಂಗಳು, ಒಂದು ವರ್ಷ ಇಳಿಮುಖ ನಿಧಾನವಾಗುತ್ತದೆ, ಗಮನ ಸ್ವಲ್ಪ ಸುಧಾರಿಸುತ್ತದೆ. ಹೋದ ನೆನಪು ಮರಳುವುದಿಲ್ಲ. ‘ಮೊದಲಿನಂತೆ ಆಗಲಿಲ್ಲ’ ಎಂದು ಎರಡೇ ವಾರಕ್ಕೆ ಬಿಟ್ಟುಬಿಡುವವರೇ ಹೆಚ್ಚು. ಮೂರರಿಂದ ಆರು ತಿಂಗಳು ಕೊಟ್ಟು ನೋಡಿ, ಡಾಕ್ಟರ ಜೊತೆ ಕೂತು ತೀರ್ಮಾನಿಸಿ. ಬ್ರ್ಯಾಂಡ್ ಹೆಸರಿನ ಬದಲು ಔಷಧಿಯ ಹೆಸರು ಹೇಳಿ ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ. ವರ್ಷಗಟ್ಟಲೆ ನುಂಗುವ ಮಾತ್ರೆಗೆ ಬೆಲೆಯ ವ್ಯತ್ಯಾಸ ದೊಡ್ಡದಾಗುತ್ತದೆ.

ಇನ್ನೊಂದು ಎಡವಟ್ಟನ್ನು ವಿಶೇಷವಾಗಿ ಹೇಳಬೇಕು. ಡೊನೆಪೆಜಿಲ್ ಕೆಲವರಿಗೆ ಮೂತ್ರದ ಅವಸರ ತರುತ್ತದೆ. ಮನೆಯವರು ಅದು ಹೊಸ ಕಾಯಿಲೆ ಎಂದು ಬೇರೆ ಡಾಕ್ಟರಿಗೆ ತೋರಿಸುತ್ತಾರೆ, ಅವರು ಆ ಅವಸರ ತಡೆಯಲು ಆಕ್ಸಿಬ್ಯೂಟಿನಿನ್ ಮಾತ್ರೆ ಬರೆಯುತ್ತಾರೆ. ಒಂದು ಮಾತ್ರೆ ಮೆದುಳಿನಲ್ಲಿ ಹೆಚ್ಚಿಸುವ ರಾಸಾಯನಿಕದ ಕೆಲಸವನ್ನೇ ಇನ್ನೊಂದು ತಡೆಯುತ್ತದೆ. ಗೊಂದಲ ಹೆಚ್ಚಾಗುತ್ತದೆ, ಮನೆಯವರು ಕಾಯಿಲೆ ಬಲಿಯಿತು ಎಂದುಕೊಳ್ಳುತ್ತಾರೆ. ಯಾವ ಡಾಕ್ಟರ ಬಳಿ ಹೋದರೂ ಮಾತ್ರೆಯ ಚೀಲ ಜೊತೆಗಿರಲಿ.

ಪತ್ರಿಕೆಗಳಲ್ಲಿ ಓದಿರುವ ಲೆಕಾನೆಮಾಬ್, ಡೊನಾನೆಮಾಬ್ ಇಂಜೆಕ್ಷನ್‌ಗಳಿಗೆ ಅಮೆರಿಕದಲ್ಲಿ 2023 ಮತ್ತು 2024ರಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಇವು ತೀರಾ ಆರಂಭದ ಹಂತಕ್ಕೆ ಮಾತ್ರ. ಅಲ್ಝೈಮರ್‌ನಲ್ಲಿ ಮೆದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನ್ ಇದೆ ಎಂದು ಮೊದಲು ಖಚಿತವಾಗಬೇಕು, ಮೆದುಳು ಊದಿಕೊಳ್ಳುವ, ರಕ್ತ ಒಸರುವ ಅಪಾಯವಿರುವುದರಿಂದ ಮತ್ತೆ ಮತ್ತೆ ಎಂಆರ್‌ಐ ಆಗಬೇಕು. ವಾಸಿ ಮಾಡುವ ಇಂಜೆಕ್ಷನ್ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸ್ಟೆಮ್ ಸೆಲ್ ಚಿಕಿತ್ಸೆಯ ಹೆಸರಲ್ಲಿ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಸಂಶೋಧನೆಯ ಚೌಕಟ್ಟಿನ ಹೊರಗೆ ಅಲ್ಝೈಮರ್‌ಗೆ ಅದನ್ನು ಮಾರುವುದಕ್ಕೆ ನಮ್ಮ ದೇಶದ ಮಾರ್ಗಸೂಚಿಯಲ್ಲಿ ಅವಕಾಶವಿಲ್ಲ.

ಮಾತ್ರೆಯಾಚೆಯ ಚಿಕಿತ್ಸೆ

ಆರಂಭ ಮತ್ತು ನಡುವಿನ ಹಂತಕ್ಕೆ ಚೆನ್ನಾಗಿ ಪರೀಕ್ಷಿತವಾದದ್ದು ‘ಕಾಗ್ನಿಟಿವ್ ಸ್ಟಿಮ್ಯುಲೇಷನ್ ಥೆರಪಿ’. ಐದರಿಂದ ಎಂಟು ಜನರ ಗುಂಪು, ವಾರಕ್ಕೆರಡು ಸಲ, 45 ನಿಮಿಷ, ಏಳು ವಾರಕ್ಕೆ ಒಟ್ಟು 14 ಕೂಟ. ಹಾಡು, ಆಟ, ಅಡುಗೆಯ ಮಾತು, ಹಳೆಯ ಫೋಟೊ, ಇವತ್ತಿನ ಪೇಪರ್. ಇಲ್ಲಿ ‘ಇವರು ಯಾರು ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡುವುದಿಲ್ಲ, ‘ಇವರನ್ನು ನೋಡಿದರೆ ಏನನ್ನಿಸುತ್ತದೆ’ ಎಂದು ಕೇಳುತ್ತಾರೆ. ಮನೆಯಲ್ಲೂ ಇದೇ ನಿಯಮವಿರಲಿ. ನೆನಪಿದೆಯಾ, ನೆನಪಿದೆಯಾ ಎಂದು ದಿನವಿಡೀ ಕೇಳುವುದು ಪ್ರೀತಿಯಿಂದಲೇ ಆದರೂ ಅವರಿಗೆ ಅದು ಹಿಂಸೆ.

ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರು ಒಮ್ಮೆಯಾದರೂ ಮನೆಗೆ ಬಂದು ನೋಡಿದರೆ ಬಹಳ ಪ್ರಯೋಜನ: ಬಚ್ಚಲಲ್ಲಿ ಹಿಡಿಕೆ ಎಲ್ಲಿ ಬೇಕು, ಗ್ಯಾಸ್‌ನ ವಾಲ್ವ್ ಹೇಗೆ ಮರೆಮಾಡಬೇಕು, ಬಟ್ಟೆಗಳನ್ನು ಹಾಕಿಕೊಳ್ಳುವ ಕ್ರಮದಲ್ಲೇ ಹೇಗೆ ಜೋಡಿಸಿಡಬೇಕು ಎಂದು ಹೇಳಿಕೊಡುತ್ತಾರೆ. ಮಾತು ತಡವರಿಸಿದರೆ, ನುಂಗಲು ಕಷ್ಟವಾದರೆ ವಾಕ್ ಚಿಕಿತ್ಸಕರು ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆ ಹೆಸರಾದ ಜಾಗ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಷಿಯಾ ರೋಗಿಗಳಿಗೆಂದೇ ಆರೈಕೆ ಕೇಂದ್ರ ನಡೆಸುತ್ತಿದೆ. 1992ರಲ್ಲಿ ಕೇರಳದಲ್ಲಿ ಹುಟ್ಟಿದ, ಡಿಮೆನ್ಷಿಯಾ ಇರುವವರಿಗೂ ಅವರ ಮನೆಯವರಿಗೂ ನೆರವಾಗುವ ಎಆರ್‌ಡಿಎಸ್‌ಐ ಸಂಸ್ಥೆಗೆ ಬೆಂಗಳೂರು ಶಾಖೆಯೂ ಇದೆ.

ಡೇ ಕೇರ್ ನೋಡಲು ಹೋದರೆ ಕಟ್ಟಡ ನೋಡಿ ಮರುಳಾಗಬೇಡಿ. ಮಧ್ಯಾಹ್ನ ಮೂರಕ್ಕೆ, ಹೇಳದೆ ಹೋಗಿ. ಎಲ್ಲರೂ ಟಿವಿ ಮುಂದೆ ತೂಕಡಿಸುತ್ತಿದ್ದಾರೆಯೇ? ಸಿಬ್ಬಂದಿಗೆ ಕನ್ನಡ ಬರುತ್ತದೆಯೇ? ಆಮೇಲೆ ಕಲಿತ ಭಾಷೆ ಮೊದಲು ಮಾಸುವುದುಂಟು, ತುಳು, ಕೊಂಕಣಿ ಮನೆಮಾತಿನವರಿಗೆ ಇದು ಇನ್ನೂ ಮುಖ್ಯ. ಬಾತ್‌ರೂಮಿನ ವಾಸನೆ ಹೇಗಿದೆ, ರೋಗಿ ಹಟ ಮಾಡಿದಾಗ ಏನು ಮಾಡುತ್ತೀರಿ ಎಂದು ಕೇಳಿ. ‘ಇಂಜೆಕ್ಷನ್ ಕೊಡ್ತೀವಿ’ ಎಂಬುದು ಮೊದಲ ಉತ್ತರವಾದರೆ ಬೇರೆ ಕಡೆ ನೋಡಿ.

ಸಂಜೆಯ ಹಟ, ರಾತ್ರಿಯ ಓಡಾಟ

ಸಂಜೆಯಾಗುತ್ತಲೇ ಚೀಲ ಹಿಡಿದು ‘ಮನೆಗೆ ಹೋಗಬೇಕು’ ಎನ್ನುವುದು, ಬೈಯುವುದು, ಬಾಗಿಲು ಬಡಿಯುವುದು ಶುರುವಾದಾಗ ಮನೆಯವರು ನಿದ್ದೆಯ ಔಷಧಿ ಕೇಳುತ್ತಾರೆ. ಅದಕ್ಕೆ ಮೊದಲು ಐದು ಸಂಗತಿ ನೋಡಿ: ಹಸಿವೆಯೇ, ಎಲ್ಲಾದರೂ ನೋವೇ, ಮಲಬದ್ಧತೆಯೇ, ಮೂತ್ರದಲ್ಲಿ ಸೋಂಕೇ, ಮಧ್ಯಾಹ್ನ ಹೆಚ್ಚು ಮಲಗಿದ್ದರೇ. ಕತ್ತಲಾಗುವ ಮುನ್ನವೇ ದೀಪ ಹಾಕಿ, ಕಾಫಿಯನ್ನು ಮಧ್ಯಾಹ್ನಕ್ಕೆ ಮುಗಿಸಿ, ನಾಲ್ಕೂವರೆಗೆ ಒಂದು ಸುತ್ತು ನಡೆಸಿಕೊಂಡು ಬನ್ನಿ. ‘ಇದೇ ನಿಮ್ಮ ಮನೆ’ ಎಂದು ವಾದಿಸಿದಷ್ಟೂ ಹಟ ಏರುತ್ತದೆ. ‘ಹೋಗೋಣ, ಮೊದಲು ಒಂದಿಷ್ಟು ಬಟಾಣಿ ಸುಲಿದು ಕೊಡಿ’ ಎಂದರೆ ಕೈಗೆ ಕೆಲಸ ಸಿಕ್ಕಿ ಮನಸ್ಸು ಅತ್ತ ತಿರುಗುತ್ತದೆ. ಉದ್ರೇಕ ತಗ್ಗಿಸಲು ಬರೆದುಕೊಡುವ ರಿಸ್ಪೆರಿಡಾನ್, ಕ್ವೆಟಿಯಾಪಿನ್ ಮಾತ್ರೆಗಳು ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಸ್ಟ್ರೋಕ್ ಮತ್ತು ಸಾವಿನ ಅಪಾಯ ಹೆಚ್ಚಿಸುತ್ತವೆ. ರೋಗಿಗೋ ಬೇರೆಯವರಿಗೋ ಪೆಟ್ಟಾಗುವ ಸ್ಥಿತಿ ಬಂದಾಗ ಕೆಲವು ವಾರಗಳ ಮಟ್ಟಿಗೆ ಕೊಡಬೇಕಾಗಬಹುದು. ಕೊಟ್ಟರೆ, ಯಾವಾಗ ನಿಲ್ಲಿಸುವುದು ಎಂದು ಅವತ್ತೇ ಕೇಳಿ.

ಒಂದೆರಡು ದಿನದಲ್ಲಿ ಏಕಾಏಕಿ ಹದಗೆಟ್ಟರೆ ಅದು ಅಲ್ಝೈಮರ್‌ನ ನಡೆಯಲ್ಲ. ಸೋಂಕು, ಸೋಡಿಯಂ ಇಳಿದದ್ದು, ಹೊಸ ಮಾತ್ರೆ, ಬಿದ್ದ ಪೆಟ್ಟು, ಇವುಗಳಲ್ಲಿ ಯಾವುದೋ ಇರುತ್ತದೆ. ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಮನೆ ಬಿಟ್ಟು ಹೊರಟುಹೋಗುವ ಭಯವಿದ್ದರೆ ಕಳಚಲು ಬಾರದ ಬಳೆಯಂಥ ಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಕೆತ್ತಿಸಿ ಹಾಕಿ, ಇತ್ತೀಚಿನ ಫೋಟೊ ಮೊಬೈಲ್‌ನಲ್ಲಿರಲಿ, ಬೀದಿಯ ಅಂಗಡಿಯವರಿಗೆ, ಆಟೊದವರಿಗೆ ಹೇಳಿಡಿ. ಮುಚ್ಚಿಟ್ಟರೆ ಯಾರೂ ಹುಡುಕಿ ಕೊಡುವುದಿಲ್ಲ.

ಕಾಗದಪತ್ರ, ದುಡ್ಡು

ಕಾಯಿಲೆ ಖಚಿತವಾದ ಮೊದಲ ಆರು ತಿಂಗಳಲ್ಲೇ ಇದನ್ನು ಮುಗಿಸಿ. ಪವರ್ ಆಫ್ ಅಟಾರ್ನಿ ಬರೆಸಿಕೊಂಡರೆ ಸಾಕೆಂದು ಬಹಳ ಮಂದಿ ತಿಳಿದಿದ್ದಾರೆ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಬಿದ್ದುಹೋಗುತ್ತದೆ. ಆಮೇಲೆ ಆಸ್ತಿಯ ವಿಷಯಕ್ಕೆ ಕೋರ್ಟಿಗೇ ಹೋಗಬೇಕು. ಆದ್ದರಿಂದ ಪಿಂಚಣಿ ಬರುವ ಖಾತೆಯನ್ನು ಸಂಗಾತಿಯ ಜೊತೆ ಜಂಟಿ ಮಾಡಿ, ನಾಮಿನಿ ಹೆಸರು ನೋಡಿ, ವಿಲ್ ಬರೆಯುವುದಿದ್ದರೆ ಅವರಿಗೆ ತಿಳಿವಳಿಕೆ ಇದೆ ಎಂಬ ಡಾಕ್ಟರ ಸರ್ಟಿಫಿಕೇಟ್ ಜೊತೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಎಟಿಎಂ ಕಾರ್ಡ್‌ನ ಮಿತಿ ಇಳಿಸಿ. ಒಟಿಪಿ ಕೇಳುವ ವಂಚಕರು ಮೊದಲು ಹಿಡಿಯುವುದು ಇಂಥವರನ್ನೇ.

ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಡಿಡಿಬಿ ಎನಿಸಿದ್ದ ಕಲಮಿನಡಿ ಡಿಮೆನ್ಷಿಯಾ ಚಿಕಿತ್ಸೆಗೆ, ಹಿರಿಯ ನಾಗರಿಕರಾದರೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ವಿನಾಯಿತಿ ಇದೆ. ನ್ಯೂನತೆ ಶೇ 40 ಅಥವಾ ಹೆಚ್ಚೆಂದು ದೃಢವಾಗಿರಬೇಕು, ನರರೋಗ ತಜ್ಞರ ಚೀಟಿ ಬೇಕು. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ವಿಮೆಯವರು ಕ್ಲೇಮ್ ತಳ್ಳಿಹಾಕಿದರೆ ಕಾರಣ ಲಿಖಿತವಾಗಿ ಕೇಳಿ.

ನೋಡಿಕೊಳ್ಳುವವರಿಗೆ

ನಮ್ಮ ಮನೆಗಳಲ್ಲಿ ಈ ಭಾರ ಸಾಮಾನ್ಯವಾಗಿ ಒಬ್ಬ ಹೆಂಗಸಿನ ಮೇಲೆ ಬೀಳುತ್ತದೆ: ಹೆಂಡತಿ, ಸೊಸೆ ಅಥವಾ ಮದುವೆಯಾಗದ ಮಗಳು. ಅಮೆರಿಕದಿಂದಲೋ ದುಬೈನಿಂದಲೋ ಎರಡು ವಾರಕ್ಕೆ ಬಂದ ಮಗ ‘ಅಮ್ಮ ಚೆನ್ನಾಗೇ ಇದಾಳಲ್ಲ’ ಎನ್ನುವುದು ಅವಳಿಗೆ ಕಾಯಿಲೆಗಿಂತ ಹೆಚ್ಚು ನೋವು ಕೊಡುತ್ತದೆ. ದೂರ ಇರುವವರು ಮಾಡಬಹುದಾದ ಕೆಲಸವಿದೆ: ಔಷಧಿ ತರಿಸುವುದು, ಅಪಾಯಿಂಟ್‌ಮೆಂಟ್, ಬಿಲ್, ವಿಮೆ, ಅಟೆಂಡರ್ ಸಂಬಳ ಪೂರ್ತಿ ಅವರ ಪಾಲಿಗಿರಲಿ. ವಾರಕ್ಕೆ ಕನಿಷ್ಠ ಅರ್ಧ ದಿನ ನೋಡಿಕೊಳ್ಳುವವರು ಮನೆಯಿಂದ ಹೊರಗಿರಬೇಕು. ಅದಕ್ಕೆ ಯಾರು ಬರುತ್ತಾರೆ ಎಂದು ಹೆಸರು ಬರೆದು ಗೋಡೆಗೆ ಅಂಟಿಸಿ.

ಏಜೆನ್ಸಿಯಿಂದ ಅಟೆಂಡರ್ ತೆಗೆದುಕೊಳ್ಳುವಾಗ ಪೊಲೀಸ್ ಪರಿಶೀಲನೆಯ ಕಾಗದ ಕೇಳಿ. ಬದಲಿ ಬಂದಾಗಲೂ ಕೇಳಿ. ಡಿಮೆನ್ಷಿಯಾ ರೋಗಿಯನ್ನು ಮೊದಲು ನೋಡಿಕೊಂಡಿದ್ದಾರೆಯೇ ಎಂದು ಖುದ್ದಾಗಿ ಮಾತಾಡಿಸಿ. ಮೊದಲ ವಾರ ನೀವೂ ಮನೆಯಲ್ಲಿರಿ. 24 ಗಂಟೆಗೆ ಒಬ್ಬರನ್ನೇ ಇಟ್ಟರೆ ರಾತ್ರಿ ಎಚ್ಚರವಿರುವ ರೋಗಿಯ ಜೊತೆ ಅವರೂ ಹತ್ತು ದಿನಕ್ಕೇ ಸೋಲುತ್ತಾರೆ. ಹಗಲಿಗೊಬ್ಬರು, ರಾತ್ರಿಗೊಬ್ಬರು ಸಾಧ್ಯವಾದರೆ ಒಳ್ಳೆಯದು.

ಕೊನೆಯ ಹಂತದಲ್ಲಿ ನುಂಗುವುದು ಕಷ್ಟವಾಗುತ್ತದೆ. ನೀರಿಗೆ ಕೆಮ್ಮು ಬಂದರೆ ತೆಳುವಾದದ್ದು ಶ್ವಾಸನಾಳಕ್ಕೆ ಇಳಿಯುತ್ತಿರಬಹುದು. ಎಷ್ಟು ಗಟ್ಟಿ ಮಾಡಿ ಕೊಡಬೇಕೆಂದು ವಾಕ್ ಚಿಕಿತ್ಸಕರು ನೋಡಿ ಹೇಳುತ್ತಾರೆ. ರಾಗಿ ಗಂಜಿಯ ಹದ ಎಷ್ಟೋ ಜನರಿಗೆ ಹೊಂದುತ್ತದೆ. ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಕೆಳಗಿರಲಿ, ಚಿಕ್ಕ ಚಮಚ, ಒಂದು ತುತ್ತು ನುಂಗಿದ್ದು ಖಚಿತವಾದ ಮೇಲೆ ಇನ್ನೊಂದು. ಊಟದ ನಂತರ ಅರ್ಧ ಗಂಟೆ ಮಲಗಿಸಬೇಡಿ. ಮೂಗಿನಿಂದ ನಳಿಕೆ ಹಾಕೋಣವೇ ಎಂಬ ಪ್ರಶ್ನೆ ಆಸ್ಪತ್ರೆಯಲ್ಲಿ ಬಂದೇ ಬರುತ್ತದೆ. ಮುಂದುವರಿದ ಡಿಮೆನ್ಷಿಯಾದಲ್ಲಿ ನಳಿಕೆಯಿಂದ ಆಯುಸ್ಸು ಹೆಚ್ಚುತ್ತದೆ ಎಂಬುದಕ್ಕಾಗಲಿ, ನ್ಯುಮೋನಿಯಾ ತಪ್ಪುತ್ತದೆ ಎಂಬುದಕ್ಕಾಗಲಿ ಪುರಾವೆಯಿಲ್ಲ. ಕಿತ್ತುಹಾಕದಂತೆ ಕೈ ಕಟ್ಟಬೇಕಾಗಿ ಬರುತ್ತದೆ. ನೋವು, ಸಂಕಟ ತಗ್ಗಿಸಿ ನೆಮ್ಮದಿ ಕೊಡುವ ಉಪಶಾಮಕ ಆರೈಕೆಯ ವಿಭಾಗ ನಿಮ್ಮ ಊರಿನ ಯಾವ ಆಸ್ಪತ್ರೆಯಲ್ಲಿದೆ ಎಂದು ಆ ಹಂತ ಬರುವ ಮೊದಲೇ ವಿಚಾರಿಸಿ, ನಂಬರ್ ಆ ನೋಟ್‌ಬುಕ್ಕಿನಲ್ಲೇ ಬರೆದಿಡಿ.